ತೋಟದ ಮಣ್ಣಿಗೂ ಹುಳಿ–ಉಪ್ಪಿನ ಹದ ಬೇಕು



ಮಳೆಗಾಲ ಹಿಡಿಯುವಾಗ ಕೊಳೆಗೆ ಮದ್ದು ಹೊಡೆಯುವ ಮುನ್ನ ನಾವೆಲ್ಲರೂ ಒಂದು ಪರೀಕ್ಷೆ ಮಾಡುತ್ತೇವೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಕೂಡಿಸಿದ ಮೇಲೆ, ತಿಕ್ಕಿ ಬೆಳಗಿದ ಕತ್ತಿಯನ್ನು ಪೀಪಾಯಿಯಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಮದ್ದಿನಲ್ಲಿ ಇನ್ನೂ ಹುಳಿ ಉಳಿದಿದೆ ಎಂದು ತಿಳಿದು ಸುಣ್ಣದ ನೀರು ಸೇರಿಸುತ್ತೇವೆ. ಕತ್ತಿ ಬೆಳ್ಳಗೇ ಇದ್ದರೆ ಮದ್ದು ಸರಿಯಾಯಿತು ಎನ್ನುತ್ತೇವೆ. ಹುಳಿ ಉಳಿದ ಮದ್ದು ಎಳೆಯ ಕಾಯಿಯನ್ನೂ ಸೋಗೆಯನ್ನೂ ಸುಡುತ್ತದೆ ಎಂಬುದು ಮದ್ದು ಹೊಡೆಯುವ ಕೊನೆಗಾರನಿಗೂ ಗೊತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲೆ 1910ರಲ್ಲಿ ಬರೆದ ಕಾಲದಿಂದ ಈ ಮದ್ದು ನಮ್ಮ ಸೀಮೆಯಲ್ಲಿ ನಡೆದು ಬಂದಿದೆ.

ವರ್ಷಕ್ಕೆ ಎರಡು ಮೂರು ಬಾರಿ ಕೊನೆಯ ಮೇಲೆ ಬೀಳುವ ಮದ್ದಿನ ಹುಳಿಯನ್ನು ಇಷ್ಟು ಎಚ್ಚರದಿಂದ ನೋಡುವ ನಾವು, ಮರದ ಬೇರು ಹಗಲೂ ರಾತ್ರಿಯೂ ಕೂತಿರುವ ಮಣ್ಣಿನ ಹುಳಿಯನ್ನು ನೋಡಿದ್ದೇವೆಯೇ? ನಮ್ಮಲ್ಲಿ ಹೆಚ್ಚಿನವರ ಉತ್ತರ "ಇಲ್ಲ" ಎಂದೇ. ಗೊಬ್ಬರದ ಚೀಲಕ್ಕೆ ಹಣ ಹಾಕುತ್ತೇವೆ, ಮಣ್ಣಿನ ಪರೀಕ್ಷೆಗೆ ಒಂದು ದಿನ ಕೊಡುವುದಿಲ್ಲ. ಈ ಪಾಠದಲ್ಲಿ ಎರಡು ವಿಷಯ ತಿಳಿಯೋಣ: ಮಣ್ಣಿನ ಹುಳಿ ಮತ್ತು ಗೊಬ್ಬರದ ಉಪ್ಪು. ಸಾರಿಗೆ ಹೇಗೋ ತೋಟಕ್ಕೂ ಹಾಗೆಯೇ. ಎರಡೂ ಹದವಾಗಿರಬೇಕು. ಒಂದು ಕೆಟ್ಟರೆ ಇನ್ನೊಂದನ್ನು ಎಷ್ಟು ಸುರಿದರೂ ರುಚಿ ಬರುವುದಿಲ್ಲ.

ಹುಳಿಯನ್ನು ಅಳೆಯುವುದು ಹೇಗೆ?

ಮಣ್ಣಿನ ಹುಳಿಯನ್ನು ತೋರಿಸುವ ಅಂಕಿಗೆ ರಸಸಾರ ಎಂದು ಹೆಸರು. ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ಇದನ್ನೇ ಪಿಎಚ್ ಎಂದು ಬರೆದಿರುತ್ತಾರೆ. ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ರಸಾಯನ ವಿಜ್ಞಾನಿ 1909ರಲ್ಲಿ ಈ ಅಳತೆಯನ್ನು ರೂಢಿಗೆ ತಂದರು. ಅಳತೆ 0ಯಿಂದ 14ರವರೆಗೆ ಇರುತ್ತದೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 7ಕ್ಕಿಂತ ಕೆಳಗಿಳಿದಂತೆ ಹುಳಿ ಹೆಚ್ಚು, ಮೇಲೇರಿದಂತೆ ಕ್ಷಾರ ಹೆಚ್ಚು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ರಸಸಾರ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 6 ಇರುವ ಮಣ್ಣಿಗಿಂತ 5 ಇರುವ ಮಣ್ಣು ಹತ್ತು ಪಟ್ಟು ಹುಳಿ. 7ಕ್ಕೆ ಹೋಲಿಸಿದರೆ ನೂರು ಪಟ್ಟು. ಆದ್ದರಿಂದ "ಒಂದೇ ಅಂಕಿ ತಾನೇ" ಎಂದು ಉದಾಸೀನ ಮಾಡುವಂತಿಲ್ಲ. ಅಡಿಕೆಗೆ 5.5ರಿಂದ 6.5, ಕಾಫಿಗೆ 6ರ ಆಸುಪಾಸು ಹಿತಕರ.

ನಮ್ಮ ಮಣ್ಣು ಹುಳಿಯಾಗುವುದು ಏಕೆ?

ಮೊದಲ ಕಾರಣ ಮಳೆ. ಮಲೆನಾಡಿನ ಸುರಿಮಳೆ ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನೂ ಮೆಗ್ನೀಸಿಯಂ ಅಂಶವನ್ನೂ ತೊಳೆದುಕೊಂಡು ಹಳ್ಳಕ್ಕೆ ಸೇರಿಸುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಾಗಿರುವ ಕೆಂಪು ಜಂಬಿಟ್ಟಿಗೆ ಮಣ್ಣು.

ಎರಡನೆಯ ಕಾರಣ ನಾವೇ ಹಾಕುವ ಗೊಬ್ಬರ. ಯೂರಿಯಾ ಕೈಗೆ ಹುಳಿಯಲ್ಲ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟಾಗಿ ಮಾಡುವಾಗ ಆಮ್ಲ ಹುಟ್ಟುತ್ತದೆ. 100 ಕಿಲೋ ಯೂರಿಯಾದಿಂದ ಹುಟ್ಟುವ ಹುಳಿಯನ್ನು ಮುರಿಯಲು ಸುಮಾರು 80 ಕಿಲೋ ಸುಣ್ಣದ ಕಲ್ಲಿನ ಪುಡಿ ಬೇಕು. 100 ಕಿಲೋ ಅಮೋನಿಯಂ ಸಲ್ಫೇಟಿಗಾದರೆ 110 ಕಿಲೋ.

ಹಿರಿಯರು ತೋಟಕ್ಕೆ ಸೊಪ್ಪು, ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ಸುಡುಮಣ್ಣು ಹಾಕುತ್ತಿದ್ದರು. ಬೂದಿ ಮತ್ತು ಸುಡುಮಣ್ಣು ಹುಳಿಯನ್ನು ಮುರಿಯುತ್ತಿದ್ದವು. ಸೊಪ್ಪು–ಗೊಬ್ಬರ ಮಣ್ಣಿನ ಹದ ಥಟ್ಟನೆ ಏರಿಳಿಯದಂತೆ ಹಿಡಿಯುತ್ತಿದ್ದವು. ನಾವು ಸೊಪ್ಪು ಕಡಿಮೆ ಮಾಡಿದೆವು, ಬೂದಿ ಬಿಟ್ಟೆವು, ಯೂರಿಯಾ ಹಿಡಿದೆವು. ಯೂರಿಯಾ ಹಿಡಿದದ್ದು ತಪ್ಪಲ್ಲ. ಅದರ ಜೊತೆ ಬರುವ ಹುಳಿಯ ಲೆಕ್ಕ ಇಡದಿರುವುದು ತಪ್ಪು.

ಹುಳಿಯಿಂದ ಆಗುವ ನಷ್ಟ

ರಸಸಾರ 5.5ಕ್ಕಿಂತ ಇಳಿದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ನೀರಿಗೆ ಬರತೊಡಗುತ್ತದೆ. ಎಳೆ ಬೇರಿನ ತುದಿ ಅದರಿಂದ ಮೊಂಡಾಗಿ ನಿಲ್ಲುತ್ತದೆ. ಬೇರು ಹರಡದ ಮರ ಮಳೆಗಾಲದಲ್ಲಿ ಹಸಿರಾಗಿ ಕಂಡರೂ ಮಾರ್ಚಿನ ಬಿಸಿಲಿಗೆ ಸೊರಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಅದು ಮಣ್ಣಿನಲ್ಲಿದ್ದೂ ಮರಕ್ಕೆ ಸಿಗುವುದಿಲ್ಲ. ಸೊಪ್ಪು ಕೊಳೆಸುವ ಒಳ್ಳೆಯ ಜೀವಾಣುಗಳ ಕೆಲಸವೂ ನಿಧಾನವಾಗುತ್ತದೆ. ಪೆಟ್ಟಿಗೆಯಲ್ಲಿ ಹಣವಿದೆ, ಬೀಗದ ಕೈ ಕಳೆದಿದೆ ಎಂಬಂಥ ಸ್ಥಿತಿ ಇದು. ಇಂಥ ತೋಟದಲ್ಲಿ ಇಳುವರಿ ಇಳಿಯಿತೆಂದು ಇನ್ನೊಂದು ಚೀಲ ಯೂರಿಯಾ ತಂದು ಹಾಕಿದರೆ ಹುಳಿ ಮತ್ತೂ ಏರುತ್ತದೆ. ರೋಗ ಯಾವುದೆಂದು ನೋಡದೆ ರೋಗಕ್ಕೇ ಅನ್ನ ಹಾಕಿದಂತಾಗುತ್ತದೆ.

ಒಂದು ಎಚ್ಚರಿಕೆ: ಸೋಗೆ ಹಳದಿಯಾದದ್ದೆಲ್ಲ ಹುಳಿಯಿಂದಲೇ ಅಲ್ಲ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಯಾವುದು ಕಡಿಮೆಯಾದರೂ ಹಳೆಯ ಸೋಗೆ ಹಳದಿಯಾಗುತ್ತದೆ. ನೀರು ನಿಂತರೂ ಆಗುತ್ತದೆ. ಶೃಂಗೇರಿ, ಕೊಪ್ಪ ಕಡೆಯ ತೋಟಗಳನ್ನು ಹಾಳು ಮಾಡಿದ ಹಳದಿ ಎಲೆ ರೋಗವೇ ಬೇರೆ. ಅದು ಮರದೊಳಗಿನ ಸೂಕ್ಷ್ಮಜೀವಿಯಿಂದ ಬರುವಂಥದು, ಸುಣ್ಣ ಹಾಕಿದರೆ ವಾಸಿಯಾಗುವುದಿಲ್ಲ. ಆದ್ದರಿಂದ ಕಣ್ಣಿನ ಅಂದಾಜು ಸಾಲದು, ಮಣ್ಣನ್ನು ಅಳೆಯಲೇಬೇಕು.

ಪಕ್ಕದ ತೋಟ ನೋಡಿ ಸುಣ್ಣ ಹಾಕಬೇಡಿ

ಅಂಬ್ಲಿಗೊಳದ ಸುತ್ತ ಇರುವ ನಮ್ಮ ಊರುಗಳಿಗೆ ಇದು ಮುಖ್ಯವಾದ ಮಾತು. ನಾವು ಇರುವುದು ಅರೆಮಲೆನಾಡಿನ ಅಂಚಿನಲ್ಲಿ. ಸೊರಬ, ಸಾಗರದ ಕಡೆ ಸರಿದಂತೆ ಮಳೆ ಹೆಚ್ಚು, ಮಣ್ಣು ಕೆಂಪು, ಹುಳಿಯೂ ಹೆಚ್ಚು. ಶಿಕಾರಿಪುರ ದಾಟಿ ಮೂಡಲಿಗೆ ಹೋದಂತೆ ಮಳೆ ಇಳಿಯುತ್ತದೆ. ಅಲ್ಲಲ್ಲಿ ಕಪ್ಪು ಛಾಯೆಯ ಮಣ್ಣು ಸಿಗುತ್ತದೆ, ಹುಳಿಯೂ ಕಡಿಮೆಯಾಗುತ್ತದೆ. ಗದ್ದೆಯಾಗಿದ್ದ ನೆಲವನ್ನು ತೋಟ ಮಾಡಿದವರೂ ನಮ್ಮಲ್ಲಿ ಬಹಳ ಜನ. ಒಂದೇ ಮನೆಯವರ ಹಿಡುವಳಿಯಲ್ಲಿ ಗುಡ್ಡದ ಬದಿಯ ಹಳೆ ತೋಟ ಒಂದು ರೀತಿ, ಕೆಳಗಿನ ಗದ್ದೆ ತೋಟ ಇನ್ನೊಂದು ರೀತಿ ಇರುತ್ತದೆ.

ಹುಳಿಯಿಲ್ಲದ ಮಣ್ಣಿಗೆ ಸುಣ್ಣ ಸುರಿದರೆ ಲಾಭವಿಲ್ಲದಿರುವುದಷ್ಟೇ ಅಲ್ಲ, ನಷ್ಟವೂ ಉಂಟು. ರಸಸಾರ 7.5 ದಾಟಿದರೆ ಸತು, ಕಬ್ಬಿಣ, ಮ್ಯಾಂಗನೀಸ್ ಮರಕ್ಕೆ ಸಿಗದೆ ಹೊಸ ಸುಳಿಯೇ ಬಿಳುಪೇರುತ್ತದೆ. ಅತಿಯಾದ ಸುಣ್ಣದಿಂದ ಬೋರಾನ್ ಕೂಡ ಕಡಿಮೆಯಾಗುತ್ತದೆ. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಹಾಯಿಸುವವರು ಆ ನೀರಿನಲ್ಲೇ ಸುಣ್ಣದ ಅಂಶ ಬರುತ್ತಿದೆ ಎಂಬುದನ್ನು ನೆನಪಿಡಬೇಕು. ಮಣ್ಣಿನ ಜೊತೆ ಒಂದು ಬಾಟಲಿ ನೀರನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮಣ್ಣು ತೆಗೆಯುವ ಕ್ರಮ

ಪರೀಕ್ಷೆ ಎಷ್ಟು ಸರಿ ಎಂಬುದು ಮಣ್ಣು ತೆಗೆದವನ ಕೈಯಲ್ಲಿದೆ. ಹೀಗೆ ಮಾಡಿ:

1. ಗೊಬ್ಬರ ಹಾಕಿ ಎರಡು ಮೂರು ತಿಂಗಳು ಕಳೆದಿರಬೇಕು. ಜನವರಿ ತಿಂಗಳು ಅನುಕೂಲ.

2. ಹಳೆ ತೋಟ, ಗದ್ದೆ ತೋಟ, ಗುಡ್ಡದ ಬದಿ ಇವುಗಳಿಗೆ ಬೇರೆ ಬೇರೆ ಮಾದರಿ ತೆಗೆಯಿರಿ. ಎಲ್ಲವನ್ನೂ ಒಂದೇ ಚೀಲಕ್ಕೆ ಸೇರಿಸಬೇಡಿ.

3. ಒಂದು ಭಾಗದಲ್ಲಿ 10ರಿಂದ 15 ಮರ ಆರಿಸಿ. ಬುಡದಿಂದ ಎರಡೂವರೆ ಅಡಿ ದೂರದಲ್ಲಿ ಮೇಲಿನ ಕಸ, ಸೊಪ್ಪು ಸರಿಸಿ, ಒಂದು ಅಡಿ ಆಳದ ಗುಂಡಿ ತೆಗೆದು, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಿ.

4. ಗೊಬ್ಬರದ ಗುಂಡಿಯ ಪಕ್ಕ, ಬೂದಿ ಚೆಲ್ಲಿದ ಜಾಗ, ನೀರು ನಿಂತ ಕಡೆ, ಬಸಿಗಾಲುವೆಯ ಒಳಗೆ ತೆಗೆಯಬೇಡಿ.

5. ಎಲ್ಲವನ್ನೂ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುತ್ತ ಅರ್ಧ ಕಿಲೋ ಉಳಿಸಿ. ನೆರಳಿನಲ್ಲಿ ಒಣಗಿಸಿ.

6. ಹೊಸ ಬಟ್ಟೆ ಚೀಲದಲ್ಲಿ ಅಥವಾ ಶುಭ್ರವಾದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಹೆಸರು, ಸರ್ವೆ ನಂಬರು, ತೋಟದ ಭಾಗ ಬರೆದ ಚೀಟಿ ಇಡಿ. ಗೊಬ್ಬರ ತಂದ ಚೀಲವನ್ನು ಖಂಡಿತ ಬಳಸಬೇಡಿ.

ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಕೊಡಬಹುದು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ಒಟ್ಟು 12 ಅಂಶಗಳ ಫಲಿತಾಂಶ ಇರುತ್ತದೆ. ಕಾರ್ಡು ಬಂದ ಕೂಡಲೆ ಮೊದಲು ಮೂರು ಸಾಲು ನೋಡಿ: ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಸೊಪ್ಪು–ಗೊಬ್ಬರ ಸಾಲದು ಎಂದು ಅರ್ಥ, 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ. ಸಾರಜನಕ, ರಂಜಕ, ಪೊಟ್ಯಾಷ್ ಸಾಲುಗಳನ್ನು ಅನಂತರ ನೋಡಿ.

ಮನೆಯಲ್ಲೇ ನೋಡುವ ಸಣ್ಣ ಪೆನ್ನಿನಂಥ ಮಾಪಕಗಳೂ ಅಂಗಡಿಯಲ್ಲಿ ಸಿಗುತ್ತವೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಬಟ್ಟಿ ಇಳಿಸಿದ ನೀರು ಹಾಕಿ, ಕದಡಿ, ಅರ್ಧ ಗಂಟೆ ಬಿಟ್ಟು ಅದ್ದಿ ನೋಡಬೇಕು. ಮಾಪಕದ ಜೊತೆ ಕೊಡುವ 4 ಮತ್ತು 7ರ ದ್ರಾವಣದಲ್ಲಿ ಅದನ್ನು ಮೊದಲು ಸರಿಪಡಿಸಿಕೊಳ್ಳದಿದ್ದರೆ ಅದು ತೋರಿಸುವ ಅಂಕಿಯನ್ನು ನಂಬಬಾರದು.

ಸುಣ್ಣ ಎಷ್ಟು, ಯಾವಾಗ?

ರಸಸಾರ 6.5ಕ್ಕಿಂತ ಮೇಲಿದ್ದರೆ ಸುಣ್ಣ ಬೇಡ. 5.5ರಿಂದ 6.5ರ ನಡುವೆ ಇದ್ದರೆ ಸೊಪ್ಪು–ಗೊಬ್ಬರ ತಪ್ಪಿಸದೆ ಕೊಟ್ಟು, ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತ ಹೋದರೆ ಸಾಕು. 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಬೇಕು. ಸಾಮಾನ್ಯ ಶಿಫಾರಸು ಮರವೊಂದಕ್ಕೆ ಸುಮಾರು ಅರ್ಧ ಕಿಲೋ, ಎರಡು ಮೂರು ವರ್ಷಕ್ಕೊಮ್ಮೆ. ಪ್ರಯೋಗಾಲಯದವರು ಬೇರೆ ಪ್ರಮಾಣ ಬರೆದುಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಈ ಅರ್ಧ ಕಿಲೋ ಎಲ್ಲಿಂದ ಬಂತು ಎಂದು ಕೇಳುವವರಿಗೆ ಒಂದು ಲೆಕ್ಕ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಮರಕ್ಕೆ ವರ್ಷಕ್ಕೆ 217 ಗ್ರಾಂನಂತೆ ಎಕರೆಗೆ ಹತ್ತಿರ ಹತ್ತಿರ 120 ಕಿಲೋ ಯೂರಿಯಾ. ಅದರ ಹುಳಿ ಮುರಿಯಲು 96 ಕಿಲೋ ಸುಣ್ಣದ ಕಲ್ಲಿನ ಪುಡಿ. ಮೂರು ವರ್ಷಕ್ಕೆ 288 ಕಿಲೋ. ಇದನ್ನು 550 ಮರಕ್ಕೆ ಹಂಚಿದರೆ ಮರಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು. ಅಂದರೆ ಮೂರು ವರ್ಷಕ್ಕೊಮ್ಮೆ ಹಾಕುವ ಸುಣ್ಣ, ಆ ಮೂರು ವರ್ಷ ನಾವು ಹಾಕಿದ ಯೂರಿಯಾದ ಸಾಲವನ್ನು ತೀರಿಸುತ್ತದೆ ಅಷ್ಟೆ. ಮಳೆ ತೊಳೆದುಕೊಂಡು ಹೋದದ್ದು ಇದರಲ್ಲಿ ಸೇರಿಲ್ಲ.

ಸುಣ್ಣದಲ್ಲಿ ಬಲ ಬೇರೆ ಬೇರೆ. ಸುಣ್ಣದ ಕಲ್ಲಿನ ಪುಡಿಯ ಬಲ 100 ಎಂದು ಇಟ್ಟುಕೊಂಡರೆ ಡಾಲೊಮೈಟಿನದು 109, ನೀರು ಹಾಕಿ ಅರಳಿಸಿದ ಸುಣ್ಣದ್ದು 135, ಸುಟ್ಟ ಸುಣ್ಣದ್ದು 179. ಆದ್ದರಿಂದ 500 ಗ್ರಾಂ ಪುಡಿಯ ಬದಲು ಅರಳಿದ ಸುಣ್ಣ ಹಾಕುವವರಿಗೆ 370 ಗ್ರಾಂ ಸಾಕು. ಮೆಗ್ನೀಸಿಯಂ ಕೊರತೆ ಇರುವ ತೋಟಕ್ಕೆ ಡಾಲೊಮೈಟ್ ಒಳ್ಳೆಯದು. ಪುಡಿ ನುಣುಪಾದಷ್ಟೂ ಬೇಗ ಕೆಲಸ ಮಾಡುತ್ತದೆ. ಹರಳು ಹರಳಾಗಿದ್ದರೆ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದು ನೆಲ ಹಸಿಯಾದಾಗ ಸುಣ್ಣವನ್ನು ಬುಡದ ಸುತ್ತ ಹರಡಿ, ಬೇರಿಗೆ ಪೆಟ್ಟಾಗದಂತೆ ಮೇಲಿನ ಮಣ್ಣಿನಲ್ಲಿ ಬೆರೆಸಬೇಕು. ಸುಣ್ಣ ತಾನಾಗಿ ಕೆಳಗಿಳಿಯುವುದು ಬಹಳ ನಿಧಾನ. ಸುಣ್ಣವನ್ನೂ ಯೂರಿಯಾ ಅಥವಾ ಅಮೋನಿಯಂ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು. ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ಶಿಲಾರಂಜಕವನ್ನೂ ಸುಣ್ಣದ ಜೊತೆ ಹಾಕಬೇಡಿ. ಅದು ಕರಗಲು ಮಣ್ಣಿನ ಹುಳಿಯೇ ಬೇಕು. ನಡುವೆ ಕನಿಷ್ಠ ಮೂರು ವಾರ ಬಿಡಿ. ಸುಟ್ಟ ಸುಣ್ಣ ಮುಟ್ಟುವವರು ಕಣ್ಣು, ಕೈ ಜೋಪಾನ.

ಗೊಬ್ಬರದ ಉಪ್ಪು

ಇನ್ನು ಎರಡನೆಯ ವಿಷಯ. ಯೂರಿಯಾ, ಪೊಟ್ಯಾಷ್ ಮುಂತಾದ ಕರಗುವ ಗೊಬ್ಬರ ಬೇರಿನ ಪಾಲಿಗೆ ಉಪ್ಪೇ. ಹದವಾಗಿದ್ದರೆ ಊಟ, ಅತಿಯಾದರೆ ಬೆಂಕಿ. ಇದು ಹೇಗೆಂದು ನಮ್ಮ ಮನೆಯ ಹೆಂಗಸರನ್ನು ಕೇಳಿ. ಅಪ್ಪೆಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಮಿಡಿ ಸುರುಟಿ, ಅದರ ನೀರೆಲ್ಲ ಹೊರಗೆ ಬಂದು ನಿಲ್ಲುತ್ತದೆ. ಬುಡದಲ್ಲಿ ಗೊಬ್ಬರ ಗುಡ್ಡೆ ಹಾಕಿದಾಗ ಎಳೆ ಬೇರಿಗೆ ಆಗುವುದೂ ಅದೇ. ಬೇರು ನೀರು ಕುಡಿಯುವ ಬದಲು ನೀರು ಬಿಟ್ಟುಕೊಡುತ್ತದೆ.

ಮಣ್ಣಿನ ಕಾರ್ಡಿನಲ್ಲಿ ಲವಣಾಂಶ, ಅಂದರೆ ವಿದ್ಯುತ್ ವಾಹಕತೆ, 1 ಡೆಸಿಸೈಮನ್ಸ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಮಳೆ ತೊಳೆಯುವ ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಅಪಾಯ ಬರುವುದು ಮೂರು ಕಡೆ: ಗೊಬ್ಬರ ಗುಡ್ಡೆಯಾದ ಬುಡದಲ್ಲಿ, ಹನಿ ನೀರಾವರಿಯಲ್ಲಿ, ಸಸಿಯ ಚೀಲದಲ್ಲಿ.

ಮೊದಲು ಬುಡದ ಮಾತು. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. ಗೊಬ್ಬರದ ಲೆಕ್ಕದಲ್ಲಿ ಇದು ಯೂರಿಯಾ 217 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯೂರಿಯೇಟ್ ಪೊಟ್ಯಾಷ್ 233 ಗ್ರಾಂ. ನೆಟ್ಟ ಮೊದಲ ವರ್ಷ ಇದರ ಮೂರರಲ್ಲಿ ಒಂದು ಪಾಲು, ಎರಡನೆಯ ವರ್ಷ ಮೂರರಲ್ಲಿ ಎರಡು ಪಾಲು, ಮೂರನೆಯ ವರ್ಷದಿಂದ ಪೂರ್ತಿ. 45 ಕಿಲೋ ಯೂರಿಯಾದ ಒಂದು ಚೀಲ ಸುಮಾರು 200 ಮರಕ್ಕೆ ಇಡೀ ವರ್ಷಕ್ಕೆ ಸಾಕು. ನಿಮ್ಮ ಮರಗಳ ಲೆಕ್ಕಕ್ಕೆ ಇದನ್ನು ಹೋಲಿಸಿ ನೋಡಿ. ಯೂರಿಯಾ ಹೆಚ್ಚು, ಪೊಟ್ಯಾಷ್ ಕಡಿಮೆ ಹಾಕುತ್ತಿರುವುದು ಬಹಳ ಮನೆಗಳಲ್ಲಿ ಹೊರಬೀಳುತ್ತದೆ.

ಇದನ್ನು ಎರಡು ಕಂತು ಮಾಡಿ. ಅರ್ಧ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಉಳಿದರ್ಧ ನೀರಾವರಿ ಇದ್ದರೆ ಫೆಬ್ರವರಿಯಲ್ಲಿ, ಇಲ್ಲದಿದ್ದರೆ ಬೇಸಿಗೆ ಮಳೆ ಬಿದ್ದ ಮೇಲೆ. ಬುಡದಿಂದ ಎರಡೂವರೆಯಿಂದ ಮೂರು ಅಡಿ ದೂರದವರೆಗೆ ಅರ್ಧ ಅಡಿ ಆಳದ ಪಾತಿ ಬಿಡಿಸಿ, ಹಸಿ ನೆಲದಲ್ಲಿ ಸುತ್ತಲೂ ಸಮನಾಗಿ ಹರಡಿ, ಸೊಪ್ಪು ಹಾಸಿ ಮಣ್ಣು ಮುಚ್ಚಿ. ಬುಡಕ್ಕೆ ತಾಗಿಸಿ ಬೊಗಸೆಗಟ್ಟಲೆ ಸುರಿಯುವುದು ಬೇಡ.

ಹನಿ ನೀರಾವರಿಯಲ್ಲಿ ಗೊಬ್ಬರ ಬಿಡುವವರು ಹೀಗೆ ಲೆಕ್ಕ ಹಾಕಿ. 217 ಗ್ರಾಂ ಯೂರಿಯಾವನ್ನು ಹತ್ತು ಕಂತಿನಲ್ಲಿ ಕೊಟ್ಟರೆ ಸಲಕ್ಕೆ ಸುಮಾರು 22 ಗ್ರಾಂ. ಅದು 20 ಲೀಟರ್ ನೀರಿನಲ್ಲಿ ಹೋದರೆ ಲೀಟರಿಗೆ 1 ಗ್ರಾಂ ಚಿಲ್ಲರೆ, ಬೇರಿಗೆ ಹಿತ. ಅದೇ ಗೊಬ್ಬರವನ್ನು ಅವಸರದಲ್ಲಿ 2 ಲೀಟರ್ ನೀರಿಗೆ ಬಿಟ್ಟರೆ ಲೀಟರಿಗೆ 11 ಗ್ರಾಂ. ಗೊಬ್ಬರ ಅಷ್ಟೇ, ಖಾರ ಹತ್ತು ಪಟ್ಟು. ಮೊದಲು ಬರಿ ನೀರು, ನಡುವೆ ಗೊಬ್ಬರದ ನೀರು, ಕೊನೆಗೆ ಮತ್ತೆ ಬರಿ ನೀರು ಎಂಬ ಕ್ರಮ ಇಟ್ಟುಕೊಳ್ಳಿ. ಶಿಲಾರಂಜಕ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಪೈಪಿಗೆ ಹಾಕಬೇಡಿ.

ಸಸಿಯ ಚೀಲದಲ್ಲಿರುವುದು ಹಿಡಿ ಮಣ್ಣು. ಬೇರು ತಪ್ಪಿಸಿಕೊಂಡು ಹೋಗಲು ಅಲ್ಲಿ ಜಾಗವಿಲ್ಲ. ನಾವೂ ಒಂದು ಬೇಸಿಗೆಯಲ್ಲಿ ಸಸಿ ಬೇಗ ಏಳಲಿ ಎಂಬ ಆಸೆಗೆ ಯೂರಿಯಾವನ್ನು ಕೈ ಅಂದಾಜಿನಲ್ಲಿ ಕರಗಿಸಿ ಹೊಯ್ದೆವು. ವಾರದೊಳಗೆ ಎಲೆಯ ತುದಿ ಸುಟ್ಟು, ಒಂದು ಸಾಲು ಸಸಿ ಪೂರ್ತಿ ಹೋಯಿತು. ತಕ್ಕಡಿ ಮನೆಯಲ್ಲೇ ಇತ್ತು, ತೂಗಲಿಲ್ಲ. ಕೊಡುವುದಾದರೆ ಹತ್ತು ಲೀಟರಿನ ಕೊಡಕ್ಕೆ 50 ಗ್ರಾಂ ಯೂರಿಯಾ ದಾಟಬೇಡಿ. ಹಿಂದಿನ ದಿನ ನೀರು ಹಾಕಿ ಮಣ್ಣು ಹಸಿಯಾಗಿರಲಿ. ಅತಿಯಾಯಿತೆಂದು ಕಂಡರೆ ಚೀಲದ ತೂತಿನಿಂದ ನೀರು ಇಳಿಯುವವರೆಗೆ ಬರಿ ನೀರು ಹೊಯ್ದು ತೊಳೆಯಿರಿ.

ಬಸಿಗಾಲುವೆ ಮರೆಯಬೇಡಿ

ಹುಳಿ–ಉಪ್ಪು ಎರಡೂ ಸರಿಯಿದ್ದು ನೀರು ನಿಂತರೆ ಎಲ್ಲವೂ ವ್ಯರ್ಥ. ಗದ್ದೆ ತೋಟದವರು ಇದನ್ನು ಎರಡು ಸಲ ಓದಿ. ಗದ್ದೆಯ ಕೆಳಗೆ ಉಳುಮೆಯಿಂದ ಗಟ್ಟಿಯಾದ ಪದರ ಇರುತ್ತದೆ. ಭತ್ತಕ್ಕೆ ಅದು ಬೇಕು, ಅಡಿಕೆಗೆ ಅದೇ ವೈರಿ. ಉಸಿರು ಕಟ್ಟಿದ ಬೇರು ಯಾವ ಗೊಬ್ಬರವನ್ನೂ ಹೀರುವುದಿಲ್ಲ. ಮಳೆಗೆ ಮುನ್ನ ಕಾಲುವೆಯ ಹೂಳು ತೆಗೆದು ನೀರಿಗೆ ದಾರಿ ಮಾಡಿ, ಆಮೇಲೆ ಸುಣ್ಣ–ಗೊಬ್ಬರದ ಯೋಚನೆ ಮಾಡಿ.

ಕೊನೆಯ ಮಾತು

ಅಡಿಕೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಮಳೆಯೂ ನಮ್ಮ ಕೈಯಲ್ಲಿಲ್ಲ. ತೋಟಕ್ಕೆ ಹಾಕಿದ ಗೊಬ್ಬರ ಮರಕ್ಕೆ ಸೇರುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಎಕರೆ, ಎರಡೆಕರೆ ತೋಟದ ಸಣ್ಣ ಬೆಳೆಗಾರನಿಗೆ ವರ್ಷದ ಲಾಭ–ನಷ್ಟ ತೂಗುವುದು ಇಲ್ಲಿಯೇ.

ಆದ್ದರಿಂದ ಈ ವರ್ಷದ ಕೆಲಸ ಇಷ್ಟು: ಜನವರಿಯಲ್ಲಿ ಮಣ್ಣು ತೆಗೆಯುವುದು, ಕಾರ್ಡು ಬಂದ ಮೇಲೆ ರಸಸಾರ ನೋಡುವುದು, 5.5ಕ್ಕಿಂತ ಕೆಳಗಿದ್ದರೆ ಮಾತ್ರ ಏಪ್ರಿಲ್–ಮೇ ಮಳೆಗೆ ಸುಣ್ಣ ಹಾಕುವುದು, ಗೊಬ್ಬರವನ್ನು ತೂಗಿ ಎರಡು ಕಂತಿನಲ್ಲಿ ಕೊಡುವುದು. ಕಾರ್ಡನ್ನು ಜೋಪಾನವಾಗಿಟ್ಟು ಮುಂದಿನ ಪರೀಕ್ಷೆಯ ಕಾರ್ಡಿನೊಡನೆ ಹೋಲಿಸಿ. ನೆರೆಯವರೂ ತಮ್ಮ ಕಾರ್ಡು ತರಲಿ. ಒಟ್ಟಿಗೆ ಕೂತು ನೋಡಿದರೆ ನಮ್ಮ ಊರಿನ ಯಾವ ಭಾಗದ ಮಣ್ಣು ಹೇಗಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಕೊಳೆಮದ್ದಿನ ಪೀಪಾಯಿಗೆ ಕತ್ತಿ ಅದ್ದುವ ಕೈ, ಮಣ್ಣಿನ ಮಾದರಿಯನ್ನೂ ಒಮ್ಮೆ ತೆಗೆಯಲಿ.